ಟಾಲಾದ ಮಂಜುಗಡ್ಡೆ ಗೋಡೆ

ನಂಬುವುದು ನಿಮಗೆ ಬಿಟ್ಟದ್ದು, ಆದರೆ ಹಗ್ಗ ಹಿಡಿದಿದ್ದವಳು ನಾನೇ.

ಟಾಲಾ ಎಂಬ ಬಡಾವಣೆಯ ಗೋದಾಮೊಂದರಲ್ಲಿ ಮಂಜುಗಡ್ಡೆಯ ಗೋಡೆ ಕಟ್ಟಿ, ಮಿಥುನ್ ಎಂಬ ತರಬೇತುದಾರ ನೇಪಾಳಿ ಹೆಂಗಸರನ್ನು ಪರ್ವತ ಗೈಡ್‌ಗಳಾಗಲು ತಯಾರು ಮಾಡುತ್ತಿದ್ದ. ನಾನು ಅವನ ಸಹಾಯಕಿ. ಹತ್ತುವ ಮೊದಲು ಅವರೆಲ್ಲ ಗೋಡೆ ಮುಟ್ಟಿ ಕೈಯನ್ನು ಹಣೆಗೊತ್ತಿಕೊಳ್ಳುತ್ತಿದ್ದರು. ಅವರಲ್ಲೊಬ್ಬಳಾದ ಫೂಲ್‌ಮಾಯಾ ಹಾಗೆ ಮಾಡಿದ್ದಕ್ಕೆ ಮಿಥುನ್, "ನಲ್ಲಿ ನೀರಿಗೆ ಯಾವ ನಮಸ್ಕಾರ?" ಎಂದು ಹಂಗಿಸಿ, ಅಂದು ಹಗ್ಗ ತಾನೇ ಹಿಡಿದು ಅವಳನ್ನು ಗೋಡೆಯ ತುದಿಯಲ್ಲೇ ನೇತಾಡಲು ಬಿಟ್ಟ. ಅವಳು ಗೋಗರೆದಳು.

"ಇಳಿಸಪ್ಪಾ, ಅವಳ ಕೈ ಮರಗಟ್ಟಿದೆ," ಎಂದೆ.

"ಸುಮ್ನಿರಿ ಅಕ್ಕಾ, ಗೈಡ್ ಆಗೋಳಿಗೆ ಈ ಚಳಿ ಒಳ್ಳೇದೇ."

ಇಳಿಸಿದಾಗ ಉಸಿರಿರಲಿಲ್ಲ. ಹೃದಯಾಘಾತ ಎಂದರು.

ತರಗತಿ ಮತ್ತೆ ಶುರುವಾದ ದಿನ ಮಿಥುನ್ ಗೋಡೆ ಮುಟ್ಟಿ ನಮಸ್ಕರಿಸದೆಯೇ ಹತ್ತಿದ. ನಾನು ಅವನನ್ನು ಇಳಿಸುವಾಗ ನನ್ನ ಕೈಯ ಹಗ್ಗ ಇಬ್ಬರನ್ನು ಹೊತ್ತಂತೆ ಜಗ್ಗಿತು. ಆ ಚಳಿಯಲ್ಲೂ ಅದು ಬೆಚ್ಚಗಿತ್ತು. ಅವನು ಕೆಳಗೆ ಬಂದು ಗಂಟು ಬಿಚ್ಚಿದ. ಹಗ್ಗದ ತುದಿ ಅವನ ಕಾಲ ಬಳಿ ಸಡಿಲವಾಗಿ ಬಿತ್ತು.

ನನ್ನ ಕೈಯಲ್ಲಿದ್ದ ಭಾರ ಮಾತ್ರ ಇಳಿಯಲಿಲ್ಲ.