ಬಾಗಿಲ ಬಳಿ ಉಪ್ಪಿನ ಗುರುತು

ಡ್ರಾಯರ್ ತೆರೆದಿತ್ತು. ಲಕೋಟೆ ಇರಲಿಲ್ಲ.

ಗುಬ್ಬಿ ಬ್ಯಾಗನ್ನು ಮಂಚದ ಮೇಲೆಸೆದು ಮಂಡಿಯೂರಿ ಹುಡುಕಿದಳು. ಪಾಸ್‌ಪೋರ್ಟ್ ಇತ್ತು. ಅಮ್ಮ ಕೊಟ್ಟ ಚಿನ್ನದ ಓಲೆಯ ಡಬ್ಬಿ ಇತ್ತು. ಮೇಜಿನ ಮೇಲೆ ಲ್ಯಾಪ್‌ಟಾಪ್ ಇತ್ತು. ಬೆಳಿಗ್ಗೆ ಕೈಯಾರೆ ಇಟ್ಟುಹೋದ ಕಂದು ಲಕೋಟೆ ಮಾತ್ರ ಮಾಯ.

ಗುಬ್ಬಿ ಅನ್ನುವುದು ಮನೆಯವರು ಕರೆಯುವ ಹೆಸರು. ಈ ದೇಶದಲ್ಲಿ ಅವಳ ಹಾಜರಿ ಪುಸ್ತಕದ ಹೆಸರನ್ನೇ ಯಾರೂ ನೆಟ್ಟಗೆ ಹೇಳುತ್ತಿರಲಿಲ್ಲ, ಇನ್ನು ಇದರ ಮಾತೆಲ್ಲಿ. ಆರು ತಿಂಗಳು ಓದಿ ಬಾ ಎಂದು ಅವಳ ಕಾಲೇಜು ಇಲ್ಲಿಯ ವಿಶ್ವವಿದ್ಯಾಲಯಕ್ಕೆ ಕಳಿಸಿ ಮೂರು ವಾರವಾಗಿತ್ತು.

ಲಕೋಟೆಯಲ್ಲಿದ್ದದ್ದು ಅವಳ ವಾಸದ ಪರವಾನಗಿ ಕಾರ್ಡು. ಅದನ್ನು ಇವತ್ತು ನಾಲ್ಕು ಗಂಟೆಯೊಳಗೆ ವಿದೇಶಿ ವಿದ್ಯಾರ್ಥಿಗಳ ಕಚೇರಿಯಲ್ಲಿ ತೋರಿಸಬೇಕು. ತಪ್ಪಿದರೆ ದಾಖಲಾತಿ ರದ್ದು, ಗಂಟುಮೂಟೆ ಕಟ್ಟಿ ವಾಪಸ್. ಕಚೇರಿ ತೆರೆಯುವುದೇ ಎರಡಕ್ಕೆ. ಕ್ಲಾಸಿಗೆ ಒಯ್ದರೆ ಎಲ್ಲಿ ಕಳೆದೀತೋ ಎಂದು ಹೆದರಿ ಡ್ರಾಯರಿನಲ್ಲಿಟ್ಟು ಹೋಗಿದ್ದಳು. ಹೋದ ವಾರವಷ್ಟೇ ಕ್ಲಾಸಿನಲ್ಲಿ ಕೊಡೆ ಮರೆತು ಬಂದ ಜಾಣೆ ಅವಳು.

ಈಗ ಒಂದೂಕಾಲು.

ಬೀಗ ಒಡೆದಿರಲಿಲ್ಲ. ಒಡೆಯಬೇಕಾಗಿಯೂ ಇರಲಿಲ್ಲ. ಆ ಬಾಗಿಲಿನ ಹಿಡಿಯನ್ನು ಮೇಲಕ್ಕೆತ್ತಿ ಹಿಡಿದು ಕೀಲಿ ತಿರುಗಿಸಿದರಷ್ಟೇ ಬೀಗ ಬೀಳುತ್ತಿತ್ತು. ಅವಸರದಲ್ಲಿ ಗುಬ್ಬಿ ಹಿಡಿ ಎತ್ತಿರಲಿಲ್ಲ.

* * *

"ಹೊಸ ಕಾರ್ಡ್ ಬರೋಕೆ ಆರು ವಾರ ಬೇಕು," ಎಂದ ವಾರ್ಡನ್, ಮೂಗಿನ ಮೇಲಿನ ಕನ್ನಡಕ ಸರಿಮಾಡಿಕೊಳ್ಳುತ್ತ. "ಅದೇ ಲಕೋಟೆ ಅಂತ ಗ್ಯಾರಂಟಿನಾ? ನಮ್ಮ ಆಫೀಸಿಂದ ಹೋಗೋವೂ ಕಂದು ಲಕೋಟೆಗಳೇ."

"ಮುಟ್ಟಿದ್ರೆ ಒಳಗೆ ಕಾರ್ಡ್ ಸಿಕ್ತಿತ್ತು ಸರ್."

"ಬೆಳಿಗ್ಗೆ ಅಂಚೆ ಡಬ್ಬಿಯಿಂದ ತಗೊಂಡಾಗ ಯಾರು ನೋಡಿದ್ರು?"

ಮೂವರು ನೋಡಿದ್ದರು. ಸದಾ ಗಿಟಾರು ಬಾರಿಸುತ್ತಾನೆಂದು ಗುಬ್ಬಿ 'ಗಿಟಾರು' ಎಂದೇ ಕರೆಯುವ ಎದುರು ರೂಮಿನ ಹುಡುಗ, ನೆಲ ಒರೆಸುವಾಕೆ, ಮತ್ತೆ ಮೆಟ್ಟಿಲ ಮೇಲಿಂದ ಕೈಬೀಸಿದ ಅಕ್ಕ.

ಅಕ್ಕ ಅಂದರೆ ಒಡಹುಟ್ಟಿದವಳಲ್ಲ. ಒಂದು ಮಹಡಿ ಕೆಳಗಿರುವ ಸಂಶೋಧನಾ ವಿದ್ಯಾರ್ಥಿನಿ, ನಾಲ್ಕು ವರ್ಷದಿಂದ ಇಲ್ಲೇ ಇರುವಾಕೆ. ಇಡೀ ಕಟ್ಟಡದಲ್ಲಿ ಕನ್ನಡ ಬಲ್ಲ ಇನ್ನೊಂದು ಜೀವ. ಮೊದಲ ದಿನ ರೈಲ್ವೆ ಸ್ಟೇಷನ್ನಿಗೆ ಬಂದು ಕರೆತಂದವರು, ಕಂಬಳಿ ಕೊಟ್ಟವರು, ವಾಷಿಂಗ್ ಮೆಷಿನ್ ಹಾಕುವುದು ಹೇಳಿಕೊಟ್ಟವರು ಅವರೇ. ಕಾಗದಪತ್ರಗಳನ್ನೆಲ್ಲ ಕೆಳಗಿನ ಡ್ರಾಯರಿನಲ್ಲಿಡು ಎಂದು ಕಲಿಸಿದವರೂ ಅವರೇ.

ವಾರ್ಡನ್ನಿನ ಹಿಂದೆ ನೋಟಿಸ್ ಬೋರ್ಡಿತ್ತು. ಇನ್ನೊಂದು ಹಾಸ್ಟೆಲಿಗೆ ಹೋಗಲು ಅರ್ಜಿ ಹಾಕಿದವರ ಪಟ್ಟಿಯನ್ನು ನಿನ್ನೆ ಅಂಟಿಸಿದ್ದರು. ಮೊದಲ ಹೆಸರು ಗುಬ್ಬಿಯದೇ. ಅವಳ ವಿಭಾಗಕ್ಕೆ ಆ ಹಾಸ್ಟೆಲ್ ಹತ್ತಿರ, ಕ್ಲಾಸಿನ ಹುಡುಗಿಯರೆಲ್ಲ ಅಲ್ಲಿ. ಊಟದ ಮೇಜಿನಲ್ಲಿ ಒಬ್ಬಳೇ ತಲೆತಗ್ಗಿಸಿ ಕೂತು ಅವಳಿಗೆ ಸಾಕಾಗಿತ್ತು. ಅಕ್ಕನಿಗೆ ಹೇಳುವುದಕ್ಕೆ ಮಾತ್ರ ಬಾಯಿ ಬಂದಿರಲಿಲ್ಲ.

* * *

ಮೊದಲು ಗಿಟಾರು. ತನ್ನ ವಾದ್ಯದ ಬಗ್ಗೆ ಗುಬ್ಬಿ ವಾರ್ಡನ್ನಿಗೆ ದೂರಿತ್ತಳೆಂದು ಅವನು ಮುಖ ಊದಿಸಿಕೊಂಡು ಒಂದು ವಾರವಾಗಿತ್ತು.

"ನಿನ್ನ ರೂಮಲ್ಲಿ ನನಗೇನು ಕೆಲಸ?" ಎಂದ, ಮಂಚದಿಂದ ಏಳದೆ.

"ಬೆಳಿಗ್ಗೆ ಹೊರಗೆ ಹೋಗಿದ್ಯಾ?"

"ಹನ್ನೊಂದಕ್ಕೆ. ಬ್ರೆಡ್ ತರೋಕೆ. ತಪ್ಪಾ?"

ಅವನ ಬೂಟು ಕಾಲಲ್ಲೇ ಇತ್ತು, ಕಾಲು ಹಾಸಿಗೆಯ ಮೇಲಿತ್ತು. ಹಾಸಿಗೆ ಹೊದಿಕೆಯ ಮೇಲೆ ಕರಗಿದ ಮಂಜಿನ ಕೊಳೆ ಕಲೆಗಟ್ಟಿತ್ತು. ಗುಬ್ಬಿಯ ಅಜ್ಜಿ ನೋಡಿದ್ದರೆ ಅಲ್ಲೇ ಮೂರ್ಛೆ ಹೋಗುತ್ತಿದ್ದಳು.

ನೆಲ ಒರೆಸುವಾಕೆ ಬಕೆಟ್ ಹಿಡಿದು ಓಣಿಯ ತುದಿಯಲ್ಲಿ ಗೊಣಗುತ್ತಿದ್ದಳು. ಕಾಲಲ್ಲಿ ರಬ್ಬರ್ ಚಪ್ಪಲಿ.

"ಹತ್ತಕ್ಕೆ ಒರೆಸಿದ್ದೀನಿ. ಕನ್ನಡಿ ಹಂಗೆ ಹೊಳೀತಿತ್ತು. ಈಗ ನೋಡು, ಎಲ್ಲಿ ನೋಡಿದ್ರೂ ಉಪ್ಪು!"

ಮಂಜು ಬಿದ್ದರೆ ಜಾರದಿರಲೆಂದು ಬೀದಿಗೆ ಉಪ್ಪು ಚೆಲ್ಲುತ್ತಾರೆ. ಬೂಟಿಗಂಟಿದ ನೀರು ಆರಿದ ಮೇಲೆ ನೆಲದ ಮೇಲೆ ಬಿಳಿ ಗುರುತು ಉಳಿಯುತ್ತದೆ.

"ಹತ್ತರ ಮೇಲೆ ನೀವು ಹೊರಗೆ ಹೋಗಿದ್ರಾ?"

"ಈ ಚಪ್ಪಲೀಲಾ? ಕಾಲು ಸೆಟೆದು ಹೋಗುತ್ತೆ."

ಒಂದು ಮುಕ್ಕಾಲು. ಇನ್ನೇನೂ ತೋಚದೆ ಗುಬ್ಬಿ ಚಿಕ್ಕಮ್ಮನಿಗೆ ಫೋನು ಹಚ್ಚಿದಳು. ಚಿಕ್ಕಮ್ಮ ಹೆಡ್ ಕಾನ್‌ಸ್ಟೇಬಲ್. ಇಪ್ಪತ್ತು ವರ್ಷ ಕಳ್ಳರ ಹಿಂದೆ ಓಡಿ ಸೊಂಟನೋವು ಸಂಪಾದಿಸಿದವಳು.

"ಅಳು ನಿಲ್ಸು. ಏನು ತಗೊಂಡು ಹೋದ್ರು ಅಂತ ಹೇಳಿದ್ದಾಯ್ತು. ಏನು ಬಿಟ್ಟುಹೋದ್ರು?"

"ಏನೂ ಬಿಟ್ಟಿಲ್ಲ ಚಿಕ್ಕಮ್ಮ."

"ಹಂಗಂದ್ರೆ ನೀನು ನೋಡಿಲ್ಲ. ಬಾಗಿಲಿಂದ ಶುರುಮಾಡು. ಒಂದೊಂದು ಗೇಣೂ ನೋಡು."

ಗುಬ್ಬಿ ಬಾಗಿಲಿಗೆ ಹೋದಳು. ಬಗ್ಗಿದಳು. ಅಲ್ಲೇ ನಿಂತುಬಿಟ್ಟಳು.

ಫೋನಿನಲ್ಲಿ ಚಿಕ್ಕಮ್ಮ "ಹಲೋ, ಹಲೋ" ಅನ್ನುತ್ತಲೇ ಇದ್ದಳು.

* * *

ಗ್ರಂಥಾಲಯದ ನೆಲಮಾಳಿಗೆಯಲ್ಲಿ ಅಕ್ಕ ವಾಪಸು ಬಂದ ಪುಸ್ತಕಗಳನ್ನು ತಳ್ಳುಗಾಡಿಗೆ ಜೋಡಿಸುತ್ತಿದ್ದರು. ವಾರಕ್ಕೆ ನಾಲ್ಕು ದಿನ ಅವರಿಗೆ ಅಲ್ಲಿ ಕೆಲಸ. ದಿನವಿಡೀ ಪುಸ್ತಕದ ಬೆನ್ನು ನೋಡುವುದು, ನಂಬರು ಓದುವುದು, ಇಡುವುದು. ಮಾತಾಡಿಸುವವರು ಯಾರೂ ಇಲ್ಲ.

"ಏನೇ, ಮುಖ ಯಾಕೆ ಹಿಂಗಿದೆ?"

"ಅಕ್ಕ, ಲಕೋಟೆ ಕೊಡಿ."

ಅಕ್ಕನ ಕೈಯಲ್ಲಿದ್ದ ಪುಸ್ತಕ ಅಲ್ಲೇ ನಿಂತಿತು. "ಯಾವ ಲಕೋಟೆ?"

"ನನ್ನ ಬಾಗಿಲ ಹೊರಗೆ, ಗೋಡೆ ಪಕ್ಕ, ಎರಡು ಬೂಟಿನ ಉಪ್ಪಿನ ಗುರುತಿದೆ. ಜೋಡಿಸಿ ಬಿಟ್ಟಿದ್ದು. ಹತ್ತು ಗಂಟೆಗೆ ನೆಲ ಒರೆಸಿದ್ದಾರೆ, ಅಂದ್ರೆ ಆಮೇಲಿನದು. ನನ್ನದಲ್ಲ, ನಾನು ರೂಮಿನ ಒಳಗೇ ಪೇಪರ್ ಮೇಲೆ ಬಿಡ್ತೀನಿ. ಒಳಗೆ ಒಂದು ಹೆಜ್ಜೆ ಗುರುತೂ ಇಲ್ಲ. ಗಿಟಾರು ಬೂಟಲ್ಲೇ ಮಲಗ್ತಾನೆ. ಒರೆಸೋರು ಹೊರಗೇ ಹೋಗಿಲ್ಲ. ಬೇರೆ ಡ್ರಾಯರ್ ಯಾವುದನ್ನೂ ಮುಟ್ಟಿಲ್ಲ, ಅಂದ್ರೆ ಕಾಗದ ಎಲ್ಲಿಡ್ತೀನಿ ಅಂತ ಗೊತ್ತಿರೋರು. ಕದಿಯೋಕೆ ಬಂದಾಗ್ಲೂ ಬೂಟು ಬಿಚ್ಚಿ ಒಳಗೆ ಬರೋರು ಈ ಕಟ್ಟಡದಲ್ಲಿ ಇನ್ಯಾರಿದ್ದಾರೆ ಅಕ್ಕ?"

ಅಕ್ಕ ಸ್ಟೂಲಿನ ಮೇಲೆ ಕುಸಿದರು. ಬ್ಯಾಗಿನಿಂದ ಲಕೋಟೆ ತೆಗೆದರು. ಅಂಟು ಬಿಚ್ಚಿರಲಿಲ್ಲ.

"ಕೆಲಸದ ಮಧ್ಯೆ ಬಂದು ತಗೊಂಡು ಹೋದೆ. ರೂಮ್ ಬದಲಾಯಿಸೋ ಪತ್ರ ಅನ್ಕೊಂಡೆ ಕಣೇ. ನಿನ್ನೆ ಬೋರ್ಡಲ್ಲಿ ನಿನ್ನ ಹೆಸರು ನೋಡಿದೆ. ಒಳಗೆ ಗಟ್ಟಿ ಇತ್ತು, ಹೊಸ ರೂಮಿನ ಕೀಲಿ ಕಾರ್ಡೇ ಇರ್ಬೇಕು ಅನ್ನಿಸ್ತು. ವಾರದೊಳಗೆ ಉತ್ತರ ಕೊಡದೇ ಇದ್ರೆ ಬೇರೆಯವರಿಗೆ ಕೊಡ್ತಾರೆ. ಒಂದು ವಾರ ಇಟ್ಕೊಂಡ್ರೆ..."

"ಇದು ನನ್ನ ವಾಸದ ಕಾರ್ಡು. ನಾಲ್ಕು ಗಂಟೆಗೆ ತೋರಿಸದೇ ಇದ್ರೆ ನನ್ನನ್ನ ಊರಿಗೇ ಕಳಿಸ್ತಾರೆ."

ಅಕ್ಕ ಲಕೋಟೆಯನ್ನು ಅವಳ ಕೈಗೆ ತುರುಕಿದರು. ಗುಬ್ಬಿಯನ್ನು ಇಲ್ಲೇ ಉಳಿಸಿಕೊಳ್ಳಲು ಹೋಗಿ ದೇಶದಿಂದಲೇ ಹೊರಗಟ್ಟುವುದರಲ್ಲಿದ್ದರು.

"ನಾಲ್ಕು ವರ್ಷ," ಎಂದರು ಮೆಲ್ಲಗೆ. "ಈ ಮೂರು ವಾರ ಮಾತ್ರ ಬಾಯ್ತುಂಬ ಮಾತಾಡಿದ್ದೀನಿ. ಅದಕ್ಕೆ ಮೊದ್ಲು ನನ್ನ ದನಿ ನನಗೇ ಮರೆತುಹೋಗಿತ್ತು. ಓಡು, ನಿಲ್ಬೇಡ. ಓಡು."

ಗುಬ್ಬಿ ಓಡಿದಳು.

* * *

ಕಚೇರಿಯ ಉದ್ದದ ಸಾಲು ಕರಗಿ ಮೂರೂ ಐವತ್ತಕ್ಕೆ ಮುದ್ರೆ ಬಿತ್ತು. ಕಿಟಕಿಯಾಚೆಯ ಗುಮಾಸ್ತೆ ತಲೆಯೆತ್ತಿಯೂ ನೋಡಲಿಲ್ಲ.

ವಾರ್ಡನ್ನಿಗೆ ಗುಬ್ಬಿ, "ಸಿಕ್ತು ಸರ್, ಒಬ್ಬರು ಬೇರೆ ಲಕೋಟೆ ಅನ್ಕೊಂಡು ತಗೊಂಡಿದ್ರು," ಎಂದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅವನು ತಲೆಯಾಡಿಸಿ ಇನ್ನೊಂದು ಕಂದು ಲಕೋಟೆ ಚಾಚಿದ. ರೂಮಿನ ಪತ್ರ. ಗುಬ್ಬಿ ಅಲ್ಲೇ ನಿಂತು ಒಪ್ಪಿಗೆಯ ರುಜು ಹಾಕಿದಳು.

ಚಿಕ್ಕಮ್ಮ ಫೋನಿನಲ್ಲಿ, "ಹಿಡಿದ್ಯಾ? ಯಾರವನು?" ಅಂದಳು.

"ಇನ್ನೊಂದಿನ ಹೇಳ್ತೀನಿ ಚಿಕ್ಕಮ್ಮ." ಕಳ್ಳರನ್ನು ಹಿಡಿದರೆ ಖುಷಿಯಾಗಬೇಕಿತ್ತು. ಅವಳು ಮಾತ್ರ ಫೋನನ್ನು ಜೇಬಿಗಿಳಿಸಿದಳು.

ಸಂಜೆ ಆರಕ್ಕೆ ಒಂದು ಮಹಡಿ ಇಳಿದಳು. ಅಕ್ಕನ ಬಾಗಿಲು ಹಾಕಿತ್ತು. ಗೋಡೆಯ ಪಕ್ಕ ಜೋಡಿಸಿ ಬಿಟ್ಟ ಬೂಟು. ಬಡಿದಳು. ಗುಬ್ಬಿ ತನ್ನ ಬೂಟು ಬಿಚ್ಚಿ ಅದರ ಪಕ್ಕ ಇಟ್ಟಳು, ಬಾಗಿಲಿಗೆ ಬೆನ್ನುಕೊಟ್ಟು ನೆಲದ ಮೇಲೆ ಕೂತಳು.

"ತೆಗೀಬೇಡಿ, ಪರವಾಗಿಲ್ಲ. ಸೋಮವಾರ ಹೋಗ್ತಿದ್ದೀನಿ ಅಕ್ಕ. ಮೊದ್ಲೇ ಹೇಳ್ಬೇಕಿತ್ತು. ಕದ್ದುಮುಚ್ಚಿ ಅರ್ಜಿ ಹಾಕಿದ್ದು ನನ್ನದೂ ತಪ್ಪೇ."

ಗುಬ್ಬಿ ತಲೆಯನ್ನು ಬಾಗಿಲಿಗೆ ಆನಿಸಿದಳು.

"ಅಲ್ಲಿ ವಾಷಿಂಗ್ ಮೆಷಿನ್ ಬೇರೆ ಥರದ್ದಂತೆ. ನನಗೆ ಯಾರು ಹೇಳ್ಕೊಡ್ತಾರೆ?"

ಒಳಗೆ ಕುರ್ಚಿ ಸರಿದ ಸದ್ದು. ಮೂಗು ಒರೆಸಿಕೊಂಡ ಸದ್ದು.

"ಎಷ್ಟು ಗುಂಡಿ ಇದೆ, ಮೊದ್ಲು ನೋಡ್ಕೊಂಡು ಬಾ," ಎಂದಿತು ಬಾಗಿಲ ಹಿಂದಿನ ದನಿ. "ಆಮೇಲೆ ಹೇಳ್ತೀನಿ."