ಗೇಟಿಗೆ ಬಳಿದು ಮಿಕ್ಕ ಏಲಿಯನ್

"ಸ್ವಲ್ಪ ಸರಿಯೇ, ಹೆಲ್ಮೆಟ್ ಮೇಲೆ ನಿನ್ನ ನೆರಳು ಬೀಳ್ತಿದೆ," ಎಂದು ಹರ್ಷವರ್ಧನ್ ಅಪ್ಪನ ಮೊಬೈಲನ್ನು ಕಲ್ಲಿಗೆ ಇನ್ನಷ್ಟು ಹತ್ತಿರ ಹಿಡಿದ.

ಮಂಜುಶ್ರೀ ಸರಿದಳು. ಮಹದೇವಪುರದ ಅವಳ ಮನೆಯ ಗೇಟಿನ ಪಕ್ಕ, ಹೊಂಗೆ ಮರದ ಬುಡದಲ್ಲಿ ಆ ಕಲ್ಲು ನಿಂತಿತ್ತು. ಅದರಲ್ಲಿ ಕೆತ್ತಿದ ಒಬ್ಬ ಮನುಷ್ಯ. ಮೈಯೆಲ್ಲ ಬೆಳ್ಳಿ ಬಣ್ಣ, ಗುಂಡು ತಲೆ, ಕಣ್ಣು ಮೂಗಿಲ್ಲದ ನುಣುಪು ಮುಖ. ಹುಟ್ಟಿದಾಗಿನಿಂದ ನೋಡುತ್ತಿದ್ದರೂ ಅದು ಸ್ಪೇಸ್ ಸೂಟ್ ಎಂದು ಅವಳಿಗೆ ಹೊಳೆದಿರಲಿಲ್ಲ. ಅದಕ್ಕೆ ಟಿವಿಯಲ್ಲಿ ಅಂಥ ಕಾರ್ಯಕ್ರಮ ನೋಡಿರಬೇಕು. ಅವಳ ಕ್ಲಾಸಿನ ಹರ್ಷ ನೋಡಿದ್ದ.

"ಸಾವಿರ ವರ್ಷದ ಹಿಂದೆ ಏಲಿಯನ್ಸ್ ಬಂದಿದ್ರು. ಜನ ನೋಡಿ ಕೆತ್ತಿದ್ದಾರೆ. ಕೆಳಗಡೆ ರಾಕೆಟ್ ಹೊಗೆ ಕೂಡ ಇದೆ. ನಾಳೆ ಮಿಸ್ 'ಎಲ್ಲಿಂದ ಬಂದ' ಅಂತ ಕೇಳಿದ್ರೆ ನೀನು ಆಕಾಶ ತೋರ್ಸು."

ಹರ್ಷ ಇದನ್ನು ಎಲ್ಲರಿಗೂ ಹೇಳಿದ ಒಂದೇ ವಾರದಲ್ಲಿ ಐದನೇ ಕ್ಲಾಸಿನಲ್ಲಿ ಮಂಜುಶ್ರೀಯ ಬೆಲೆ ಏರಿತ್ತು. ಅದುವರೆಗೆ ಅವಳು 'ಹಸು ಮನೆ ಹುಡುಗಿ'. ಪಕ್ಕ ಕೂರುವವರು ಮೂಗು ಮುಚ್ಚಿಕೊಳ್ಳುತ್ತಿದ್ದರು. ಈಗ 'ಏಲಿಯನ್ ಮನೆ ಹುಡುಗಿ'. ನಾಳೆ ಇಡೀ ಕ್ಲಾಸು ಕಲ್ಲು ನೋಡಲು ಬರುವುದಿತ್ತು.

ಅಷ್ಟರಲ್ಲಿ ತಾತ ಶ್ಯಾಮಣ್ಣ ಬಣ್ಣದ ಡಬ್ಬಿ ಹಿಡಿದು ಬಂದರು.

"ಸರೀರಪ್ಪಾ. ಗೇಟಿಗೆ ಒಡ್ದು ಮಿಕ್ಕೈತೆ, ಇವನಿಗೂ ಒಂದು ಕೋಟ್ ಒಡ್ದುಬಿಡ್ತೀನಿ."

ಹರ್ಷನ ಮೊಬೈಲು ಮೆಲ್ಲಗೆ ಕೆಳಗಿಳಿಯಿತು. "ಈ ಸಿಲ್ವರ್... ನೀವು ಹಾಕಿದ್ದಾ ತಾತಾ?"

"ಇನ್ಯಾರು? ವರ್ಷಾ ವರ್ಷಾ ಯುಗಾದಿಗೆ ಒಡೀತೀನಿ. ಪಾಪ, ಮೂಗೇ ಮುಚ್ಚೋಗೈತೆ."

"ಇವನು ಯಾರು ತಾತಾ?" ಮಂಜುಶ್ರೀ ಇದನ್ನು ಯಾವತ್ತೂ ಕೇಳಿರಲಿಲ್ಲ.

"ನಮ್ಮೂರೋನೇ ಕಣವ್ವ. ದನ ಒಡ್ಕೊಂಡ್ ಓಗೋಕೆ ಬಂದೋರ ಜೊತೆ ಬಡಿದಾಡಿ ಸತ್ತ. ಅದಕ್ಕೆ ವೀರಗಲ್ಲು ನಿಲ್ಸವ್ರೆ. ನಮ್ಮ ತಾತ ಇಂಗೇ ಏಳ್ತಿದ್ದ."

ಮಂಜುಶ್ರೀಗೆ ಅಳು ಬಂದಂತಾಯಿತು. ಈ ತಾತ ನಾಳೆ ಸಂಜೆ, ಕ್ಲಾಸು ಬಂದು ಹೋದಮೇಲೆ ಬಣ್ಣ ಹೊಡೆದಿದ್ದರೆ ಏನು ಹೋಗುತ್ತಿತ್ತು? ಇನ್ನು ಮತ್ತೆ ಹಸು ಮನೆ, ಮತ್ತೆ ಮೂಗು.

ಹರ್ಷ ಅಷ್ಟು ಸುಲಭಕ್ಕೆ ಬಿಡುವವನಲ್ಲ. "ಪೇಂಟ್ ನಿಮ್ದೇ ಇರ್ಬೋದು. ಒಳಗಿರೋನು ಏಲಿಯನ್ನೇ."

"ನೋಡೇಬಿಡಾನ ತಗೋ," ಎಂದ ತಾತ, ತೆಂಗಿನ ನಾರನ್ನು ಬಣ್ಣ ಕರಗಿಸುವ ತಿನ್ನರಿನಲ್ಲಿ ಅದ್ದಿ ಉಜ್ಜಿದರು. ಬೆಳ್ಳಿ ಬಣ್ಣ ಪದರ ಪದರವಾಗಿ ಬಿಟ್ಟುಕೊಂಡಿತು. ಹೆಲ್ಮೆಟ್ಟು ತುರುಬಾಯಿತು. ಹರ್ಷ ಆಮ್ಲಜನಕದ ಪೈಪು ಎಂದಿದ್ದದ್ದು ಬಿಲ್ಲಾಯಿತು. ಆಮೇಲೆ ಮೂಗು, ಮೂಗಿನ ಕೆಳಗೆ ದಪ್ಪ ಮೀಸೆ.

ಹರ್ಷ ಮೊಬೈಲನ್ನು ಮೀಸೆಗೆ ಹತ್ತಿರ ಹಿಡಿದ. "ಏಲಿಯನ್‌ಗೆ ಮೀಸೆ ಇರಬಾರದು ಅಂತ ರೂಲ್ಸ್ ಇದ್ಯಾ?"

ಮಂಜುಶ್ರೀ ತಾತನ ಕೈಯಿಂದ ನಾರು ಕಸಿದುಕೊಂಡು ಕಲ್ಲಿನ ಕೆಳಗಿನ ರಾಕೆಟ್ ಹೊಗೆಯನ್ನು ಉಜ್ಜಿದಳು. ಒಂದು ಕೊಂಬು ಕಾಣಿಸಿತು. ಪಕ್ಕದಲ್ಲಿ ಇನ್ನೊಂದು. ಹೊಗೆಯೆಲ್ಲ ಹೋಗಿ ಒಂದು ಪುಟ್ಟ ಹಸು ನಿಂತಿತ್ತು, ಅದರ ಹಿಂದೆ ಕರು.

ಕೊಟ್ಟಿಗೆಯಿಂದ ಅವರ ಮನೆ ಹಸು ಅಂಬಾ ಎಂದಿತು.

"ಈ ಹಸು ಕರು ಕಾಯೋಕೆ ಅಷ್ಟು ದೂರದಿಂದ ಯಾರಾದ್ರೂ ಬರ್ತಾರೇನೋ?" ಎಂದಳು.

ಹರ್ಷ ಆಕಾಶ ನೋಡಿದ, ಆಮೇಲೆ ಹಸು ನೋಡಿದ.

ಮರುದಿನ ಕ್ಲಾಸು ಗೇಟಿನ ಮುಂದೆ ಸಾಲಾಗಿ ನಿಂತಿತು. "ಏಲಿಯನ್‌ಗೆ ಮೀಸೆ ನೋಡ್ರೋ," ಎಂದು ಯಾರೋ ಕಿಸಕ್ಕೆಂದರು.

"ಎಲ್ಲಿಂದ ಬಂದ್ನಮ್ಮಾ ಇವನು?" ಮಿಸ್ ಕೇಳಿದರು.

ಹರ್ಷ ಹಿಂದಿನ ಸಾಲಿನಿಂದ ಕಣ್ಣಲ್ಲೇ ಆಕಾಶ ತೋರಿಸಿದ.

ಮಂಜುಶ್ರೀ ಬಗ್ಗಿ, ಕಲ್ಲಿನ ಕರುವಿನ ಮೇಲೆ ಬೆರಳಿಟ್ಟಳು.

"ಎಲ್ಲಿಂದಲೂ ಬಂದಿಲ್ಲ ಮಿಸ್. ಇವನು ಹಸು ಮನೆಯವನು."