ಹಳದಿ ಗೂಡಿನ ತಳಿ

2024ರ ಅಕ್ಟೋಬರ್ 14, ಸೋಮವಾರ ಬೆಳಿಗ್ಗೆ ಹತ್ತು ಗಂಟೆ. ಚಿಕ್ಕಬಳ್ಳಾಪುರದ ಹೊರವಲಯದ ಪೊಲೀಸ್ ಠಾಣೆಗೆ ಬಂದ ಹುಡುಗಿಯೊಬ್ಬಳು ಮೇಜಿನ ಮೇಲೆ ಸ್ಟೀಲ್ ಡಬ್ಬಿ ಇಟ್ಟು ಮುಚ್ಚಳ ತೆಗೆದಳು. ಒಳಗೆ ಸತ್ತ ರೇಷ್ಮೆಹುಳುಗಳಿದ್ದವು.

"ಎಲ್ಲಾ ಹೋದ್ವು ಮೇಡಂ. ಒಂದೂ ಉಳಿದಿಲ್ಲ."

ಹೆಡ್ ಕಾನ್ಸ್‌ಟೆಬಲ್ ನಲ್ಲಪ್ಪ ಮುಖ ಕಿವುಚಿದರು. "ಹುಳ ಸತ್ರೆ ರೇಷ್ಮೆ ಇಲಾಖೆಗೆ ಹೋಗ್ಬೇಕಮ್ಮ."

ಪಿಎಸ್‌ಐ ರೂಪ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಹುಳುಗಳು ಕುಗ್ಗಿ ಸೊಟ್ಟಗಾಗಿದ್ದವು. ಬಾಯಿಂದ ಹಸಿರು ನೀರು ಕಾರಿಕೊಂಡಿದ್ದವು. ಮಂಚೇನಹಳ್ಳಿಯಲ್ಲಿ ರೂಪಳ ಮನೆಯಲ್ಲೂ ಹುಳು ಸಾಕುತ್ತಿದ್ದರು. ರೋಗಕ್ಕೆ ಸತ್ತ ಹುಳುವಿಗೂ ವಿಷಕ್ಕೆ ಸತ್ತ ಹುಳುವಿಗೂ ಇರುವ ವ್ಯತ್ಯಾಸ ಅವಳಿಗೆ ಗೊತ್ತಿತ್ತು.

"ಕೂತ್ಕೊಳ್ಳಿ. ಮೊದಲಿಂದ ಹೇಳಿ."

ಹುಡುಗಿಯ ಹೆಸರು ಅಮೃತ. ಊರು ಜಂಗಮಕೋಟೆ. ನಂದಿಸೀಮೆ ವಿಶ್ವವಿದ್ಯಾಲಯದ ರೇಷ್ಮೆ ವಿಭಾಗದಲ್ಲಿ ಸಂಶೋಧನಾ ವಿದ್ಯಾರ್ಥಿನಿ. ಆ ಕ್ಯಾಂಪಸ್ಸಿನ ಕತೆ ಜಿಲ್ಲೆಗೆಲ್ಲ ಗೊತ್ತಿದ್ದದ್ದೇ. ಅರಸರ ಕಾಲದಲ್ಲಿ ಅದು ರೇಷ್ಮೆ ಬಿತ್ತನೆ ತೋಟ. ಆಮೇಲೆ ಸರ್ಕಾರಿ ತರಬೇತಿ ಶಾಲೆ, ಆಮೇಲೆ ಬೆಂಗಳೂರಿನ ವಿಶ್ವವಿದ್ಯಾಲಯವೊಂದರ ಸ್ನಾತಕೋತ್ತರ ಕೇಂದ್ರ. ವಿದ್ಯಾರ್ಥಿಗಳು ಹೆದ್ದಾರಿಯಲ್ಲಿ ಕೂತು, ಲಾಠಿ ಏಟು ತಿಂದು ಬೇಡಿದ ಮೇಲೆ ಸ್ವಂತ ವಿಶ್ವವಿದ್ಯಾಲಯವಾಯಿತು. ಹೆಸರಿನ ಫಲಕ ಎಷ್ಟು ಸಲ ಬದಲಾದರೂ ಹಳೆಯ ತೋಟದ ಹಳದಿ ಗೂಡಿನ ತಳಿಯೊಂದನ್ನು ಮಾತ್ರ ತಲೆಮಾರಿನಿಂದ ತಲೆಮಾರಿಗೆ ಸಾಕಿಕೊಂಡು ಬಂದಿದ್ದರು. ಅಮೃತಳ ಸಂಶೋಧನೆ ನಿಂತಿದ್ದದ್ದು ಅದರ ಮೇಲೆಯೇ. ಬಿಸಿಲು ತಡೆಯುವ ಹೊಸ ತಳಿ ಇನ್ನೇನು ಗೂಡು ಕಟ್ಟಬೇಕಿತ್ತು. ಮೂಲ ತಳಿಯ ಹುಳುಗಳೂ ಅದೇ ಕೋಣೆಯಲ್ಲಿದ್ದವು.

"ಬೇರೆ ಕಡೆ ಮೊಟ್ಟೆ ಇಟ್ಟಿಲ್ವಾ?"

"ಇಟ್ಟಿದ್ದನ್ನೆಲ್ಲ ಮರಿ ಮಾಡಿಸಿ ಚಾಕಿಗೆ ಹಾಕಿಬಿಟ್ಟಿದ್ವಿ ಮೇಡಂ. ಇದೇ ಕೊನೇದು."

ರೂಪ ಎಫ್‌ಐಆರ್ ದಾಖಲಿಸಿದಳು.

ಹನ್ನೆರಡರ ಹೊತ್ತಿಗೆ ಹುಳು ಮನೆಯಲ್ಲಿ ಪಂಚನಾಮೆ ಶುರುವಾಯಿತು. ಬೀಗ ಒಡೆದಿರಲಿಲ್ಲ. ಹೊರಗಿನ ಸಿಸಿ ಕ್ಯಾಮೆರಾ ಬೇಸಿಗೆಯಿಂದಲೇ ಕೆಟ್ಟಿತ್ತು. ಉಳಿದ ಸೊಪ್ಪು, ತಟ್ಟೆಗೆ ಹಾಸಿದ್ದ ಕಾಗದ, ಸತ್ತ ಹುಳು, ಕೋಣೆ ಒಣಗದಂತೆ ನೀರಿನ ಮಂಜು ಸೂಸುವ ಯಂತ್ರ ಎಲ್ಲವನ್ನೂ ಪಂಚರ ಮುಂದೆ ವಶಪಡಿಸಿಕೊಂಡು ಸೀಲು ಮಾಡಲಾಯಿತು. ಗಾಜಿನ ಬೀರುಗಳ ನಡುವೆ ಓಡಾಡುವಾಗ ರೂಪ ಒಂದರ ಮುಂದೆ ನಿಂತಳು. ಇದೇ ವಿಭಾಗದಲ್ಲಿ ಎಂ.ಎಸ್ಸಿ. ಓದಿ, ಪಿಎಚ್.ಡಿ. ಸೀಟು ಕೈತಪ್ಪಿ, ಪೊಲೀಸ್ ಪರೀಕ್ಷೆ ಬರೆದವಳು ಅವಳು. ಆ ಸೀಟು ಸಿಕ್ಕವಳ ಹೆಸರು ಇವತ್ತಿಗೂ ನೆನಪಿತ್ತು.

ವಿಭಾಗದ ಮುಖ್ಯಸ್ಥ ಪ್ರೊ. ರಮೇಶ್‌ಬಾಬು ತಡಮಾಡಲಿಲ್ಲ. "ಅಟೆಂಡರ್ ಆವುಲಪ್ಪನ್ನ ಕರ್ಕೊಂಡ್ಹೋಗಿ. ಕೀಲಿ ಅವನ ಹತ್ರನೇ ಇರೋದು. ಕೆಲಸ ಖಾಯಂ ಆಗಿಲ್ಲ ಅಂತ ಹೊಟ್ಟೆ ಉರಿ ಅವನಿಗೆ."

ಆವುಲಪ್ಪ ಕೈಮುಗಿದು ನಿಂತಿದ್ದ. "ನೇನೇಮೀ ಚೇಯಲೇದು ಮೇಡಂ. ನಾನೇನೂ ಮಾಡಿಲ್ಲ."

"ನಿನ್ನೆ ಸೊಪ್ಪು ಹಾಕಿದ್ದು ಯಾರು?"

"ನಾನೇ. ಅಮೃತಮ್ಮ ಚಿಂತಾಮಣಿಗೆ ಹೋಗಿದ್ರು, ರೈತರ ಮೀಟಿಂಗಿಗೆ. ಮಧ್ಯಾಹ್ನ ಚೆನ್ನಾಗೇ ತಿಂದ್ವು. ಸಂಜೆ ನೋಡಿದ್ರೆ ತಲೆ ಎತ್ತಿದ್ವು."

"ಆಗ ಯಾಕೆ ಯಾರಿಗೂ ಹೇಳ್ಲಿಲ್ಲ?"

"ಹಣ್ಣಾಗ್ತಿದಾವೆ, ಗೂಡು ಕಟ್ತಾವೆ ಅಂದ್ಕೊಂಡೆ. ಖುಷಿ ಆಯ್ತು ಮೇಡಂ."

ರೂಪ ಅವನನ್ನು ಮನೆಗೆ ಕಳಿಸಿದಳು. ಮುಖ್ಯಸ್ಥರಿಗೆ ಇದು ಹಿಡಿಸಲಿಲ್ಲ. ಕ್ಯಾಂಟೀನಿನಲ್ಲಿ ವಿಚಾರಿಸಿದ ನಲ್ಲಪ್ಪ ಬಂದು ವರದಿ ಒಪ್ಪಿಸಿದರು. "ಆ ಅಮೃತನ್ನ ಎಲ್ರೂ ಆಡ್ಕೊಳ್ಳೋರೇ ಮೇಡಂ. ಮೇಷ್ಟ್ರು ಎಲ್ಲಾ ಅವಳಿಗೇ ಕೊಟ್ರು, ಪೇಪರಲ್ಲಿ ಫೋಟೋ ಅವಳದೇ ಅಂತಾರೆ. ಒಬ್ರೂ ಅಯ್ಯೋ ಅನ್ನಲಿಲ್ಲ."

"ಒಬ್ರೂ?"

"ಹರಿತಾ ಅಂತ ಒಬ್ಳಿದಾಳೆ, ಹಾಸ್ಟೆಲಲ್ಲಿ ಇವಳ ರೂಮ್‌ಮೇಟು. ಒಂದೇ ಊರಿನೋರಂತೆ. ಅವಳೊಬ್ಳೇ ಅಳ್ತಿದ್ದಿದ್ದು."

ನವೆಂಬರ್ ಮೊದಲ ವಾರ ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಬಂತು. ಸೊಪ್ಪಿನಲ್ಲಿ ವಿಷವಿರಲಿಲ್ಲ. ಮಂಜು ಸೂಸುವ ಯಂತ್ರದ ನೀರಿನಲ್ಲಿ ಸೊಳ್ಳೆ ಓಡಿಸುವ ದ್ರಾವಣ ಬೆರೆತಿತ್ತು. ಮನುಷ್ಯರಿಗೆ ಅದರಿಂದ ತಲೆನೋವೂ ಬಾರದು. ರೇಷ್ಮೆಹುಳು ಮಾತ್ರ ಉಳಿಯುವುದಿಲ್ಲ. ಹುಳು ಸಾಕುವ ಮನೆಗಳಲ್ಲಿ ಸೊಳ್ಳೆಬತ್ತಿಯನ್ನು ಹೊಸ್ತಿಲೊಳಗೆ ಬಿಡದಿರುವುದು ಅದಕ್ಕೇ.

"ಇದು ಹುಳ ಸಾಕಿದೋರ ಕೈಕೆಲಸ," ಎಂದಳು ರೂಪ. "ನೀರಿನ ವಿಷಯ ನಮ್ಮಿಬ್ಬರಲ್ಲೇ ಇರಲಿ ನಲ್ಲಪ್ಪನವರೇ. ಕ್ಯಾಂಪಸಲ್ಲಿ ಸೊಪ್ಪಿಗೆ ವಿಷ ಹಾಕಿದ್ರು ಅಂತಾನೇ ತಿಳ್ಕೊಂಡಿರ್ಲಿ."

ಅಮೃತಳನ್ನು ಮತ್ತೆ ಕರೆಸಿ ಒಂದೇ ಪ್ರಶ್ನೆ ಕೇಳಿದಳು. "ಚಿಂತಾಮಣಿಗೆ ಹೋದಾಗ ನಿಮ್ಮ ಹತ್ರ ಇರೋ ಹುಳು ಮನೆ ಕೀಲಿ ಎಲ್ಲಿತ್ತು?"

"ರೂಮಲ್ಲೇ ಬಿಟ್ಟೋಗಿದ್ದೆ. ಆದ್ರೆ ಹರಿತಾನೂ ಊರಿಗೆ ಹೋಗಿದ್ಲಲ್ಲ ಮೇಡಂ. ಜಂಗಮಕೋಟೆಗೆ, ಮದುವೆಗೆ."

ರೂಪ ಹರಿತಾಳ ಮೊಬೈಲಿನ ವಿವರ ತರಿಸಿದಳು. ಆ ಭಾನುವಾರ ಮಧ್ಯಾಹ್ನ ಅದು ಕ್ಯಾಂಪಸ್ ಪಕ್ಕದ ಟವರಿನ ವ್ಯಾಪ್ತಿಯಲ್ಲಿತ್ತು. ಜಂಗಮಕೋಟೆ ತಲುಪಿದ್ದು ಸಂಜೆಗೆ.

ನವೆಂಬರ್ 8, ಶುಕ್ರವಾರ ಬೆಳಿಗ್ಗೆ ಮಹಿಳಾ ಕಾನ್ಸ್‌ಟೆಬಲ್ ಒಬ್ಬರ ಎದುರು ಹರಿತಾಳ ವಿಚಾರಣೆ ನಡೆಯಿತು. ಹುಡುಗಿ ಅಚ್ಚುಕಟ್ಟಾಗಿ ಜಡೆ ಹೆಣೆದುಕೊಂಡು ಬಂದಿದ್ದಳು.

"ಆವುಲಪ್ಪನ ಬಗ್ಗೆ ಏನನ್ಸುತ್ತೆ?"

"ಏನ್ ಹೇಳಲಿ ಮೇಡಂ. ಒಳಗಿನ ಕೆಲ್ಸ ಎಲ್ಲಾ ಅವರದೇ. ಸೊಪ್ಪು ತರೋದು, ಕಸ ತೆಗೆಯೋದು, ಮಿಷನ್‌ಗೆ ನೀರು ತುಂಬೋದು. ನೀರಿಗೆ ಏನು ಬೆರೆಸಿದ್ರೋ ಯಾರು ನೋಡಿದಾರೆ?"

ರೂಪ ಪೆನ್ನು ಕೆಳಗಿಟ್ಟಳು. "ನೀರಿಗೆ ಬೆರೆಸಿದ್ದು ಅಂತ ನಿಮಗೆ ಯಾರು ಹೇಳಿದ್ರು?"

ಹರಿತಾ ಜಡೆಯ ತುದಿಯನ್ನು ಮುಂದಕ್ಕೆ ಎಳೆದುಕೊಂಡಳು.

"ಭಾನುವಾರ ಮಧ್ಯಾಹ್ನ ಎಲ್ಲಿದ್ರಿ?"

"ಮದುವೇಲಿ."

"ನಿಮ್ಮ ಮೊಬೈಲ್ ಕ್ಯಾಂಪಸಲ್ಲೇ ಇತ್ತು. ಸಂಜೆ ಊರಿಗೆ ಹೋಯ್ತು."

ಹರಿತಾ ಎಲ್ಲವನ್ನೂ ಹೇಳಿದಳು. ದನಿಯಲ್ಲಿ ಅಳುವಿರಲಿಲ್ಲ.

"ಅವರಮ್ಮ ಆದಿಲಕ್ಷ್ಮಮ್ಮ ನಮ್ಮ ತೋಟಕ್ಕೆ ಸೊಪ್ಪು ಕೊಯ್ಯಕ್ಕೆ ಬರ್ತಿದ್ರು. ಇವಳು ಹಿಂದೇನೇ ಬರೋಳು. ಹುಳ ಮುಟ್ಟೋದು ಹೆಂಗೆ ಅಂತ ಕಲಿಸಿದ್ದೇ ನಾನು. ನನ್ನ ಪುಸ್ತಕ ಓದಿದ್ಲು, ನನ್ನ ಕಾಲೇಜಿಗೇ ಸೇರಿದ್ಲು. ಅವಳು ಮುಂದೆ ಬಂದ್ರೆ ನನಗೇನೂ ಬೇಜಾರಿರ್ಲಿಲ್ಲ ಮೇಡಂ. ನನ್ನ ಹಿಂದೆ ಇರೋವರೆಗೂ."

"ಆಮೇಲೆ?"

"ನನ್ನ ಹುಳ ಎರಡು ಸಲ ರೋಗ ಬಂದು ಹೋದ್ವು. ಅವಳವು ಉಳ್ಕೊಂಡ್ವು. ಮನೆಗೆ ಹೋದ್ರೆ ನಮ್ಮಪ್ಪ ಅವಳ ಸುದ್ದಿನೇ ತೆಗೆಯೋರು. ಅದನ್ನೂ ತಡ್ಕೊಂಡಿದ್ದೆ. ವಿಶ್ವವಿದ್ಯಾಲಯದ ಸ್ಥಾಪನಾ ದಿನ ಅವಳಿಗೆ ಶಾಲು ಹೊದಿಸಿದ್ರು. ಮೈಕ್ ಹಿಡ್ಕೊಂಡು, ನಂಗೆ ಇದೆಲ್ಲಾ ಕಲಿಸಿದ್ದು ಹರಿತಾ, ಅವಳಿಲ್ದಿದ್ರೆ ನಾನಿಲ್ಲ ಅಂದ್ಲು. ಇಡೀ ಹಾಲ್ ತಿರುಗಿ ನನ್ನ ನೋಡಿ ಚಪ್ಪಾಳೆ ಹೊಡೀತು." ಹರಿತಾ ಅಂಗೈಗಳನ್ನು ಒತ್ತಿ ಹಿಡಿದಳು. "ಬೈದಿದ್ರೆ ತಡ್ಕೋತಿದ್ದೆ. ಅವಳು ದೊಡ್ಡೋಳಾಗಿ ನಂಗೆ ಥ್ಯಾಂಕ್ಸ್ ಹೇಳಿದ್ಲು."

ಅಂದು ಸೂರ್ಯಾಸ್ತಕ್ಕೆ ಮುನ್ನ ಬಂಧನದ ಪ್ರಕ್ರಿಯೆ ಮುಗಿಯಿತು. ಹರಿತಾಳ ತಂದೆ ಮುನಿವೆಂಕಟಪ್ಪನವರಿಗೆ ರೂಪಳೇ ಫೋನ್ ಮಾಡಿ ತಿಳಿಸಿದಳು. ಹೇಳಿಕೆಯನ್ನು ಬೆರಳಚ್ಚು ಮಾಡುತ್ತಿದ್ದ ನಲ್ಲಪ್ಪ ತಲೆ ಎತ್ತಿದರು.

"ಕಾರಣ ಹಳೇ ದ್ವೇಷ ಅಂತ ಹಾಕ್ಲಾ ಮೇಡಂ?"

"ದ್ವೇಷ ಇರ್ಲಿಲ್ಲ. ಹೊಟ್ಟೆಕಿಚ್ಚು ಅಂತ ಹಾಕಿ."

"ಅಷ್ಟೇನಾ?"

"ಅಷ್ಟೇ. ಅದು ಸಣ್ಣದಲ್ಲ ನಲ್ಲಪ್ಪನವರೇ."

ಮರುದಿನ ಬೆಳಿಗ್ಗೆ ಆರೋಪಿಯನ್ನು ನ್ಯಾಯಾಲಯಕ್ಕೆ ಕರೆದೊಯ್ಯುವ ಮುನ್ನ ಅಮೃತ ಬಂದಳು. ಕೈಯಲ್ಲಿ ಒಂದು ಬಟ್ಟೆಯ ಚೀಲ. "ಅವಳ ಸ್ವೆಟರು, ಎರಡು ಜೊತೆ ಬಟ್ಟೆ. ಅವಳಿಗೆ ಚಳಿ ತಡೆಯೋಕಾಗಲ್ಲ ಮೇಡಂ." ಚೀಲವನ್ನು ಮೇಜಿನ ಮೇಲಿಟ್ಟು ಹೇಳಿದಳು, "ನಿನ್ನೆ ಅವರಪ್ಪ ನಮ್ಮನೆಗೆ ಬಂದಿದ್ರು, ರಾಜಿ ಮಾಡ್ಕೊಳ್ಳಿ ಅಂತ. ಅಮ್ಮ ಚಾಪೆ ಹಾಸಿ ಕೂರಿಸಿ ಕಾಫಿ ಕೊಟ್ಳು. ಕೇಸು ಮಾತ್ರ ವಾಪಸ್ ತಗೊಳ್ಳಲ್ಲ ಸ್ವಾಮಿ ಅಂದ್ಲು."

ರೂಪ ತಲೆಯಾಡಿಸಿದಳು.

"ಒಂದು ಕೇಳ್ಲಾ ಮೇಡಂ? ನಾನು ಅವಳಿಗೆ ಏನಾದ್ರೂ ಅಂದಿದ್ನಾ? ಬೇಜಾರಾಗೋ ಹಂಗೆ?"

"ಇಲ್ಲಮ್ಮ. ನೀವು ಒಳ್ಳೇ ಮಾತೇ ಆಡಿದ್ರಿ."

ಅಮೃತ ಆ ಉತ್ತರವನ್ನು ಮನಸ್ಸಿನಲ್ಲೇ ತಿರುವಿ ನೋಡಿದಂತಿತ್ತು. ಚಿಂತಾಮಣಿ ಕಡೆಯ ಹಳ್ಳಿಯೊಂದರಲ್ಲಿ ಒಬ್ಬ ಅಜ್ಜಿ ಇಂದಿಗೂ ಮನೆಮಟ್ಟಿಗೆ ಹಳದಿ ಗೂಡು ಬೆಳೆಯುತ್ತಾಳಂತೆ, ಯಾರೋ ಹೇಳಿದರು, ನಿಜವೋ ಸುಳ್ಳೋ ನೋಡಿಕೊಂಡು ಬರುತ್ತೇನೆ ಎಂದು ಹೇಳಿ, ಬಸ್ಸಿಗೆ ಹೊತ್ತಾಯಿತೆಂದು ಓಡಿದಳು.